ಡೆನ್ಮಾರ್ಕಿನಲ್ಲೊಂದು ಹಂದರ

ಕೋಪನ್‌ಹೇಗನ್

ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ನಮ್ಮ ಪೆಟ್ಟಿಗೆಯಿಂದ ಮೊದಲು ಹೊರತೆಗೆದದ್ದು ಕಡಕ್ ರೊಟ್ಟಿಯ ಕಟ್ಟು. ಬೆರಳಿನಿಂದ ತಟ್ಟಿ ನೋಡಿದ, ಮೂಸಿದ, ಪಕ್ಕಕ್ಕಿಟ್ಟ. ಆಮೇಲೆ ಶೇಂಗಾ ಹಿಂಡಿಯ ಡಬ್ಬಿ. ಆಮೇಲೆ, ನನ್ನ ಹೆಂಡತಿ ಸುವರ್ಣಾ ಸೀರೆಗಳ ಮಡಿಕೆಯೊಳಗೆ ಕೂಸಿನ ಹಾಗೆ ಮಲಗಿಸಿ ತಂದಿದ್ದ ಬಾಸಿಂಗದ ಜೋಡಿ. ಮಣಿ, ಮಿಂಚು, ಬಣ್ಣದ ಬೆಂಡು ಎಲ್ಲವೂ ಅಲ್ಲಿನ ಬಿಳಿ ದೀಪದ ಕೆಳಗೆ ಝಗಝಗ ಹೊಳೆದವು. ಆ ಹುಡುಗನ ಮುಖದಲ್ಲಿ ಆಗ ಸ್ವಲ್ಪ ಆಸಕ್ತಿ ಕಂಡಿತು.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಮದುವೆಯಲ್ಲಿ ಗಂಡು ಹೆಣ್ಣು ಹಣೆಗೆ ಕಟ್ಟಿಕೊಳ್ಳುವುದು."

"ಓಹೋ. ಯಾರ ಮದುವೆ?"

ನಾನು ಆಳಂದದಲ್ಲಿ ವಕೀಲ. ಆಗಾಗ ಅಫಜಲಪುರದ ಕೋರ್ಟಿಗೂ ಹೋಗುತ್ತೇನೆ. ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಗಂಡ ಹೆಂಡತಿಯರು, ಅದೂ ಒಬ್ಬರ ಮುಖ ಒಬ್ಬರು ನೋಡದ ಗಂಡ ಹೆಂಡತಿಯರು. ಪಾಟಿಸವಾಲು ಮಾಡಿಯೇ ಹೊಟ್ಟೆ ಹೊರೆದುಕೊಂಡು ಬಂದವನ ಬಾಯಿಯನ್ನು ಆ ಹುಡುಗ ಒಂದೇ ಸವಾಲಿನಲ್ಲಿ ಕಟ್ಟಿಹಾಕಿದ. ಯಾಕೆಂದರೆ ಯಾರ ಮದುವೆ ಎಂಬುದು ನಮ್ಮ ಮನೆಯಲ್ಲಿ ಒಂದು ವರ್ಷದಿಂದ ವಾದದಲ್ಲಿದ್ದ ಸಂಗತಿ.

ನಮಗೆ ಒಬ್ಬಳೇ ಮಗಳು, ಭಾಗ್ಯಾ. ಬಟಾಣಿ, ಅವರೆಯಂಥ ಬೆಳೆಗಳಿಗೆ ಬೀಳುವ ರೋಗದ ಮೇಲೆ ಸಂಶೋಧನೆ ಮಾಡುತ್ತ ಡೆನ್ಮಾರ್ಕಿನಲ್ಲಿದ್ದಾಳೆ. ತೊಗರಿ ಸೀಮೆಯ ಹುಡುಗಿ ಕಾಳಿನ ಬೆನ್ನು ಹತ್ತಿ ಅಷ್ಟು ದೂರ ಹೋದಳೆಂದು ನಮಗೆ ಹೆಮ್ಮೆಯೇ. ಆದರೆ ಹೋದ ವರ್ಷ ಫೋನಿನಲ್ಲಿ, ಹವಾಮಾನದ ಮಾತು ಹೇಳಿದಷ್ಟೇ ಸಲೀಸಾಗಿ, ರಾಸ್ಮುಸ್ ಎಂಬ ಹುಡುಗನ ಜೊತೆ ಒಂದೇ ಮನೆಯಲ್ಲಿ ಇದ್ದೇನೆ, ಮದುವೆಯ ವಿಚಾರ ಇಬ್ಬರಿಗೂ ಇಲ್ಲ ಎಂದಳು. ಸುವರ್ಣಾ ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ಎದ್ದು, ಪಾಸ್‌ಪೋರ್ಟ್ ಮಾಡಿಸಿರಿ ಎಂದಳು.

ಹೊರಡುವ ಮುನ್ನ ನನ್ನ ಅಕ್ಕ ನೀಲಮ್ಮ ಕಿಣ್ಣಿ ಸುಲ್ತಾನ ಎಂಬ ತನ್ನ ಊರಿನಿಂದ ಬಂದು ಅಪ್ಪಣೆ ಕೊಟ್ಟು ಹೋಗಿದ್ದಳು: "ಮದಿವಿ ಮುಗಿಸ್ಕೊಂಡೇ ಬರ್ರಿ. ಹಂಗs ಬಂದ್ರ ನನ್ನ ಮನಿ ಕಡೆ ಬರಬ್ಯಾಡ್ರಿ."

"ಏನಂತಾನ್ರಿ ಅಂವ?" ಎಂದು ಸುವರ್ಣಾ ಕಸ್ಟಮ್ಸ್ ಮೇಜಿನ ಮುಂದೆ ನನ್ನ ತೋಳು ತಿವಿದಳು.

"ಯಾರ ಮದಿವಿ ಅಂತ ಕೇಳಾಕತ್ತಾನ."

"ನಮ್ಮ ಮಗಳದು ಅಂತ ಹೇಳ್ರಿ. ಬಾಯಿಗಿ ಏನಾಗ್ಯದ ನಿಮಗ?"

ಹೇಳಿದೆ. ಆ ಹುಡುಗ ಶುಭಾಶಯ ಹೇಳಿ, ಬಾಸಿಂಗವನ್ನು ಸೀರೆಯಲ್ಲಿ ತಿರುಗಿ ಸುತ್ತಿದ. ಸುವರ್ಣಾ ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿದ ಎಂಬುದನ್ನು ಒಪ್ಪಿಕೊಳ್ಳಬೇಕು.

ರೈಲು

ಭಾಗ್ಯಾಳಿಗೆ ಅಂದು ಹೊಲದ ಕೆಲಸವಿತ್ತು. ಓಡೆನ್ಸ್ ಎಂಬ ಊರಿನವರೆಗೆ ನಾವೇ ರೈಲಿನಲ್ಲಿ ಹೋಗಬೇಕು, ಅಲ್ಲಿಗೆ ಅವಳು ಬರುತ್ತಾಳೆ. ರೈಲು ಸಮುದ್ರದ ಮೇಲಿನ ಸೇತುವೆ ಹತ್ತಿದಾಗ ಸುವರ್ಣಾ ಎರಡೂ ಕಡೆಯ ನೀರಿಗೆ ಕೈ ಮುಗಿದಳು. ಚೌಡಾಪುರದ ಕಡೆಯಿಂದ ಭೀಮಾ ನದಿ ದಾಟುವಾಗಲೂ ಅವಳದು ಇದೇ ಪದ್ಧತಿ. ನೀರು ಯಾವ ದೇಶದ್ದಾದರೂ ಅವಳ ಲೆಕ್ಕದಲ್ಲಿ ದೇವರೇ.

ಆಮೇಲೆ ಹಸಿವಾಯಿತು. ರೊಟ್ಟಿಯ ಕಟ್ಟು ಬಿಚ್ಚಿ ಒಂದನ್ನು ಮುರಿದಳು. ನಮ್ಮ ಕಡಕ್ ರೊಟ್ಟಿ ಮುರಿಯುವ ಸದ್ದು ನಿಮಗೆ ಗೊತ್ತಿರುವುದೇ. ಆ ಬೋಗಿಯಲ್ಲಿ ಅದು ಹಂಚು ಒಡೆದ ಹಾಗೆ ಕೇಳಿಸಿತು. ಆ ತುದಿಯಲ್ಲಿ ಕುಳಿತವರೂ ತಿರುಗಿ ನೋಡಿದರು. ಎದುರಿನ ಹೆಂಗಸು ಕಿಟಕಿಯ ಗಾಜಿನ ಮೇಲಿನ ಚಿತ್ರ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಅದು ಮಾತಾಡದೆ ಪ್ರಯಾಣ ಮಾಡುವವರ ಬೋಗಿಯಂತೆ. ಅಂಥದೊಂದು ಬೋಗಿಯನ್ನು ನಮ್ಮ ಸೊಲ್ಲಾಪುರ ಪ್ಯಾಸೆಂಜರಿಗೆ ಹಚ್ಚಿದರೆ ಅದರೊಳಗೆ ಹತ್ತುವವರು ಯಾರು ಎಂದು ನಾನು ಯೋಚಿಸುತ್ತಿದ್ದೆ.

ಸುವರ್ಣಾ ರೊಟ್ಟಿಯನ್ನು ಬಾಯಲ್ಲಿಟ್ಟು ಹಲ್ಲಿಲ್ಲದ ಅಜ್ಜಿಯ ಹಾಗೆ ನೆನೆಸಿ ನೆನೆಸಿ ನುಂಗತೊಡಗಿದಳು. ಎದುರಿನ ಹೆಂಗಸು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೈ ಚಾಚಿದಳು. ಸುವರ್ಣಾ ಒಂದು ತುಂಡಿಗೆ ಹಿಂಡಿ ಸವರಿ ಕೊಟ್ಟಳು. ಪಾಪ, ಆಕೆ ನಮ್ಮಷ್ಟು ಜಾಣೆಯಲ್ಲ. ನೇರವಾಗಿ ಕಡಿದಳು. ಸದ್ದು ನಮ್ಮದಕ್ಕಿಂತ ಜೋರಾಗಿ ಬಂತು. ಇಡೀ ಬೋಗಿ ಬಾಯಿ ಮುಚ್ಚಿಕೊಂಡು ನಕ್ಕಿತು, ಆಕೆಯೂ ನಕ್ಕಳು. ಆ ದೇಶದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ.

ಸಾಲುಮನೆ

ಭಾಗ್ಯಾ ಇರುವುದು ಓಡೆನ್ಸಿನ ಆಚೆಯ ಸಣ್ಣ ಹಳ್ಳಿಯಲ್ಲಿ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆಯ ಮನೆಗಳ ಎರಡು ಸಾಲು, ನಡುವೆ ಕಿರಿದಾದ ರಸ್ತೆ. ಎಲ್ಲ ಮನೆಯ ಬಾಗಿಲೂ ಒಂದೇ ಅಳತೆ, ಬಣ್ಣ ಮಾತ್ರ ಬೇರೆ. ಒಳಗೆ ಹೋಗುವಾಗ ಎಲ್ಲರೂ ಹೊರಗೇ ಚಪ್ಪಲಿ ಬಿಡುತ್ತಾರೆ. ಇದನ್ನು ನೋಡಿ ಸುವರ್ಣಾಳಿಗೆ ಅರ್ಧ ಸಮಾಧಾನವಾಯಿತು.

ರಾಸ್ಮುಸ್ ಬಾಗಿಲಲ್ಲಿ ನಿಂತಿದ್ದ. ತೆಳ್ಳಗೆ, ಎತ್ತರಕ್ಕೆ, ಮೊಣಕಾಲಿನವರೆಗೆ ಕೆಸರು. ಅವನು ಕಾಡಿನೊಳಗೆ ನಡೆಯುವ ಒಂದು ಶಿಶುವಿಹಾರದ ಮಾಸ್ತರ. ನಮಸ್ಕಾರ ಮಾಡುವುದನ್ನು ಭಾಗ್ಯಾ ಕಲಿಸಿದ್ದಳು. ಅವನು ಬಗ್ಗಿ ನನ್ನ ಎರಡೂ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ, ಬಿಡುವುದು ಯಾವಾಗ ಎಂದು ಮಾತ್ರ ಯಾರೂ ಕಲಿಸಿರಲಿಲ್ಲ. ನಾನು ಆಶೀರ್ವಾದ ಮಾಡಿದ್ದಾಯಿತು, ಬೆನ್ನು ತಟ್ಟಿದ್ದಾಯಿತು, ಕೊನೆಗೆ ಭಾಗ್ಯಾ ಬಂದು ಬಿಡಿಸಿದಳು.

"ಅಂಗನವಾಡಿ ಟೀಚರ್ ಅಂತಂದ್ರ ಹೆಣ್ಣಮಕ್ಳು ಮಾಡೋ ಕೆಲಸಲ್ಲೇನ್ರಿ?" ಎಂದು ಸುವರ್ಣಾ ನನ್ನ ಕಿವಿಯಲ್ಲಿ ಕೇಳಿದಳು. ಆದರೆ ಅದೇ ಹುಡುಗ ಅಡುಗೆ ಮಾಡಿ, ಬಡಿಸಿ, ಭಾಂಡೆ ತೊಳೆದು, ತನ್ನ ಅಂಗಿಯ ಜೊತೆ ನನ್ನ ಅಂಗಿಗೂ ಇಸ್ತ್ರಿ ಹಾಕಿದಾಗ ಅವಳು ನನ್ನ ಕಡೆ ತಿರುಗಿ ಒಂದು ನೋಟ ನೋಡಿದಳು. ಆ ನೋಟಕ್ಕೆ ತಕರಾರು ಅರ್ಜಿ ಹಾಕುವ ಧೈರ್ಯ ನನಗಿರಲಿಲ್ಲ.

ಅವಳಿಗೆ ಸಹಿಸಲಾಗದ್ದು ಒಂದೇ. ಭಾಗ್ಯಾ ಬೆಳಗಿನಿಂದ ಸಂಜೆಯವರೆಗೆ "ರಾಸ್ಮುಸ್, ರಾಸ್ಮುಸ್" ಎಂದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಕೂಗುತ್ತಿದ್ದಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹೆಸರು ಹೇಳುವುದಕ್ಕೆ ಅದರದೇ ಹೊತ್ತುಂಟು. ಮದುವೆಯಾಗಿ ಮನೆ ತುಂಬಿಸಿಕೊಳ್ಳುವಾಗ ಗಂಡನ ಅಕ್ಕ ಅಥವಾ ತಂಗಿ, ಅಂದರೆ ನಾದಿನಿ, ಬಾಗಿಲಿಗೆ ಕೈ ಅಡ್ಡ ಹಾಕಿ ನಿಲ್ಲುತ್ತಾಳೆ. ಹೆಣ್ಣು ಗಂಡನ ಹೆಸರನ್ನು ನಾಲ್ಕು ಸಾಲಿನ ಪದ್ಯದೊಳಗೆ ಸೇರಿಸಿ ಹೇಳಬೇಕು. ಅದಕ್ಕೆ ಒಡಪು ಎನ್ನುತ್ತೇವೆ. ಒಡಪು ಹೇಳಿದ ಮೇಲೇ ಒಳಗೆ ಬಿಡುವುದು. ಸುವರ್ಣಾ ಅಂದು ನನ್ನ ಹೆಸರು ಹೇಳಿದ್ದು. ಆಮೇಲೆ ಒಂದೆರಡು ಸಲ ಯಾರದೋ ಸೀಮಂತದಲ್ಲಿ, ಯಾರದೋ ಒತ್ತಾಯಕ್ಕೆ. ಉಳಿದಂತೆ ನಾನು "ಏನ್ರಿ", "ಕೇಳಸ್ತೇನ್ರಿ".

ಪಕ್ಕದ ಮನೆಯಲ್ಲಿ ಬೋದಿಲ್ ಎಂಬ ಹೆಂಗಸು ಒಬ್ಬಳೇ ಇದ್ದಳು. ಜೀವನಪೂರ್ತಿ ಸೈಕಲ್ ಮೇಲೆ ಅಂಚೆ ಹಂಚಿ ನಿವೃತ್ತಳಾದವಳು. ಬಂದ ದಿನವೇ ಒಂದು ಹುಳಿ ಹಣ್ಣಿನ ಕೇಕು ಹಿಡಿದು ಬಂದು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೋದಳು. ಸುವರ್ಣಾಳಿಗೆ ಇಂಗ್ಲಿಷ್ ಬಾರದು, ಬೋದಿಲ್ಲಳಿಗೆ ಕನ್ನಡ ಬಾರದು. ಎರಡೇ ದಿನದಲ್ಲಿ ಇಬ್ಬರೂ ಬೇಲಿಯ ಎರಡು ಕಡೆ ನಿಂತು ತಾಸುಗಟ್ಟಲೆ ಮಾತಾಡುತ್ತಿದ್ದರು. ಅದು ಹೇಗೆ ಎಂದು ನಾನು ಕೇಳಲು ಹೋಗಲಿಲ್ಲ.

ಬೀಗರ ಊಟ

ಬೀಗರು ಎನ್ನಬೇಕೋ ಬೇಡವೋ ತಿಳಿಯದು, ರಾಸ್ಮುಸನ ಮನೆಯವರು ನಮ್ಮನ್ನು ಊಟಕ್ಕೆ ಕರೆದರು. ಹಾಡು ಹಗಲಿನ ಬೆಳಕಿನಲ್ಲೂ ಮೇಜಿನ ತುಂಬ ಮೇಣದ ಬತ್ತಿ. ಮೇಜಿನ ಸುತ್ತ ನಾಲ್ವರು ಹಿರಿಯರು. ಬರುವಾಗ ದಾರಿಯಲ್ಲೇ ಭಾಗ್ಯಾ ವಿವರಿಸಿದ್ದಳು: ರಾಸ್ಮುಸನ ಅವ್ವ ಕಿರ್ಸ್ಟನ್, ಅವಳ ಈಗಿನ ಗಂಡ, ರಾಸ್ಮುಸನ ಅಪ್ಪ ಓಲೆ, ಅವನ ಈಗಿನ ಗೆಳತಿ. ಓಲೆ ಮತ್ತು ಕಿರ್ಸ್ಟನ್ ಬೇರೆಯಾಗಿ ಎಷ್ಟೋ ವರ್ಷಗಳಾಗಿವೆ.

ಓದುಗರೇ, ನಾನು ಬೆವರಿದೆ. ನನ್ನ ಕೋರ್ಟಿನಲ್ಲಿ ಇಂಥ ಎರಡು ಪಾರ್ಟಿಗಳು ಒಂದೇ ಬೇವಿನ ಗಿಡದ ನೆರಳಿಗೂ ನಿಲ್ಲುವುದಿಲ್ಲ. ಇಲ್ಲಿ ಓಲೆ ತನ್ನ ಮಾಜಿ ಹೆಂಡತಿಗೆ ಆಲೂಗಡ್ಡೆ ಬಡಿಸಿದ. ಅವಳ ಗಂಡ ಅವನಿಗೆ ಉಪ್ಪು ಕೊಟ್ಟ. ಓಲೆಯ ಗೆಳತಿ ಕಿರ್ಸ್ಟನ್‌ಳ ಮೊಣಕಾಲು ನೋವಿಗೆ ಯಾವುದೋ ಮುಲಾಮು ತಂದಿದ್ದಳು. ಒಬ್ಬರಾದರೂ ಹಳೆಯದೊಂದು ಮಾತು ತೆಗೆದಾರು ಎಂದು ನಾನು ವೃತ್ತಿಯ ಚಟಕ್ಕೆ ಕಾದು ಕುಳಿತೆ. ಯಾರೂ ತೆಗೆಯಲಿಲ್ಲ.

"ಕಷ್ಟವಾಗಲಿಲ್ಲವೇ?" ಎಂದು ನಾನೇ ಓಲೆಯನ್ನು ಕೇಳಿದೆ.

"ಬಹಳ ಆಯಿತು," ಎಂದ. "ಆದರೆ ರಾಸ್ಮುಸನ ಹುಟ್ಟುಹಬ್ಬ ವರ್ಷಕ್ಕೆ ಒಂದೇ ಸಲ ಬರುತ್ತದೆ. ಅವನಿಗೆ ಎರಡು ಸಲ ಮಾಡಲು ನಮಗೆ ಮನಸ್ಸಾಗಲಿಲ್ಲ."

ಇಂಥ ಮಾತನ್ನು ಒಬ್ಬ ಕಕ್ಷಿದಾರನ ಬಾಯಿಂದಲೂ ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಕಿರ್ಸ್ಟನ್ ಸುವರ್ಣಾಳನ್ನು, ನಿಮ್ಮ ಗಂಡನ ಹೆಸರು ಹೇಗೆ ಉಚ್ಚರಿಸಬೇಕು ಎಂದು ಕೇಳಿದಳು. ಭಾಗ್ಯಾ ಕನ್ನಡದಲ್ಲಿ ತಿಳಿಸಿದಳು. ಸುವರ್ಣಾ ಮೇಲೆ ಚಾವಣಿ ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಭಾಗ್ಯಾ ನಗುತ್ತ ಒಡಪಿನ ಕಥೆ ಹೇಳಿದಾಗ ನಾಲ್ವರೂ ಫೋರ್ಕು ಕೆಳಗಿಟ್ಟು, ಹೇಳಲೇಬೇಕು ಎಂದು ಹಟ ಹಿಡಿದರು. ಸುವರ್ಣಾ ಎದ್ದು ನಿಂತು ಒಂದೇ ಉಸಿರಿಗೆ ಹೇಳಿದಳು:

"ಕೊಳಕೂರ ಜ್ವಾಳದಾಗ ಕಡ್ಲಿ ಅಕ್ಕಡಿ ಸಾಲು,
ಕರೇ ಕೋಟಿನವರ ಸಂಗಾಟ ಬಂತು ನನ್ನ ಪಾಲು,
ಜಗಳ ಬಿಡಸೋದು ಅವರ ಕೆಲಸ, ಹಚ್ಚೋದು ನನ್ನ ಕೆಲಸ,
ಶರಣಪ್ಪ ವಕೀಲರ ಹೆಸರು ಹೇಳ್ತೇನಿ, ಬಡಸ್ರಿ ಪಾಯಸ."

ಕೊಳಕೂರು ಅವಳ ತವರು, ಜೇವರ್ಗಿ ಕಡೆ. ಪಾಯಸ ಇರಲಿಲ್ಲ, ಸ್ಟ್ರಾಬೆರಿ ಕೊಟ್ಟರು. ಪರದೇಶದ ಮೇಜಿನ ಮುಂದೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿ ನನಗೆ ಹೊಸ ಮದುಮಗನ ಹಾಗೆ ನಾಚಿಕೆಯಾಯಿತು. ಭಾಗ್ಯಾ ತನ್ನ ಅವ್ವನನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ಕಾಡು

ಮರುದಿನ ರಾಸ್ಮುಸ್ ನನ್ನನ್ನು ತನ್ನ ಶಿಶುವಿಹಾರಕ್ಕೆ ಕರೆದೊಯ್ದ. ಗೋಡೆ ಇಲ್ಲ, ಮಾಡು ಇಲ್ಲ, ಬರೀ ಮರಗಳು. ಮಳೆ ಹನಿಯುತ್ತಿತ್ತು, ಮಕ್ಕಳು ಕೊಂಬೆಯ ಮೇಲೆ. ಸಣ್ಣ ಸಣ್ಣ ಕೂಸುಗಳು ಚಾಕು ಹಿಡಿದು ಕಡ್ಡಿ ಕೆತ್ತುತ್ತಿದ್ದವು. ಬೀಳುವುದಿಲ್ಲವೇ ಎಂದೆ. ಬೀಳುತ್ತವೆ, ಏಳುತ್ತವೆ ಎಂದ ರಾಸ್ಮುಸ್. ಒಂದು ಹುಡುಗಿ ಬಂದು ನನ್ನ ಕೈ ಹಿಡಿದು ಏನೋ ಬಹಳ ದೊಡ್ಡ ಸುದ್ದಿ ಹೇಳಿದಳು.

"ಶನಿವಾರ ಅವಳ ಅಪ್ಪ ಅಮ್ಮನ ಮದುವೆ ಆಯಿತಂತೆ," ಎಂದ ರಾಸ್ಮುಸ್. "ಅವಳೇ ಹೂವು ಹಿಡಿದು ಮುಂದೆ ನಡೆದಳಂತೆ."

ನಮ್ಮಲ್ಲಿ ಮಕ್ಕಳು ಅಪ್ಪ ಅವ್ವನ ಮದುವೆಯ ಫೋಟೊ ನೋಡಿ, ಇದರಲ್ಲಿ ನಾನೆಲ್ಲಿ ಎಂದು ಅಳುತ್ತವೆ. ಇಲ್ಲಿ ಆ ತಾಪತ್ರಯವೇ ಇಲ್ಲ. ಮದುವೆ ಇವರಿಗೆ ಬೇಡವಾಗಿಲ್ಲ, ಅವಸರವಿಲ್ಲ ಅಷ್ಟೇ ಎಂದು ನನಗೆ ಹೊಳೆದದ್ದು ಆಗಲೇ.

ಮನೆಗೆ ಬಂದಾಗ ಸುವರ್ಣಾ ಅಡುಗೆಮನೆಯಲ್ಲಿ ಸೋಬಾನೆ ಗುನುಗುತ್ತಿದ್ದಳು. ಕೈತುಂಬ ತರಚು ಗಾಯ, ಅಂಗೈಯಲ್ಲಿ ಅಂಟಿನ ಕಪ್ಪು ಕಲೆ.

"ಏನ ಮಾಡ್ಕೊಂಡಿ ಕೈಗಿ?"

"ಏನಿಲ್ರಿ," ಎಂದು ತುಟಿಯ ಮೇಲೆ ಬೆರಳಿಟ್ಟು ನಕ್ಕಳು. ರೈಲಿನ ಗಾಜಿನ ಮೇಲಿದ್ದ ಚಿತ್ರದ ಹಾಗೆಯೇ. ಅಲ್ಲಿಗೆ ಬಂದಾಗಿನಿಂದ ಅವಳು ಅಷ್ಟು ಖುಷಿಯಾಗಿ ಇದ್ದದ್ದನ್ನು ನಾನು ನೋಡಿರಲಿಲ್ಲ.

ಎದುರು ಮನೆಯ ಬಾಗಿಲು

ಬೆಳಿಗ್ಗೆ ನನಗೆ ಎಚ್ಚರವಾದದ್ದು ಭಾಗ್ಯಾಳ ಚೀರಾಟಕ್ಕೆ. ಹೊರಗೆ ಬಂದು ನೋಡಿದರೆ ಸುವರ್ಣಾ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಹಾಲ್‌ನಲ್ಲಿ ಮಲಗಿದ್ದ ಮಗಳ ಕೆನ್ನೆಗೆ ಅರಿಶಿಣ ಮೆತ್ತುತ್ತಿದ್ದಳು.

"ಅವ್ವಾ, ಏನ್ ಮಾಡಾಕತ್ತಿ? ಬಿಡs!"

"ಸುಮ್ಮನ ಕುಂದ್ರ ಬೇ. ನನಗೆಲ್ಲಾ ಗೊತ್ತದ. ಬೋದಿಲ್ ಬಾಯಿ ನನ್ನ ಕೈಲಿಂದೇ ಹಂದರಾ ಕಟ್ಟಿಸ್ಯಾಳ. ಜಲ್ದಿ ಏಳು, ಮಂದಿ ಬರೋ ಹೊತ್ತಾತು."

ನಮ್ಮಲ್ಲಿ ಮದುವೆಯ ಮನೆಯೆಂದರೆ ಬಾಗಿಲ ಮುಂದೆ ಹಂದರ. ಓಣಿಯವರು, ಭಾವಕಿಯ ಬಂಧುಗಳು ಸೇರಿ ಕಂಬ ನೆಟ್ಟು, ಹಸಿರು ಸೊಪ್ಪು, ನಮ್ಮ ಮಾತಿನಲ್ಲಿ ತಪ್ಪಲು, ಹೊದಿಸುತ್ತಾರೆ. ಹಿಂದಿನ ದಿನ ನಾನಿಲ್ಲದಾಗ ನಡೆದದ್ದು ಇಷ್ಟು: ಬೋದಿಲ್ ಟೇಪು ಹಿಡಿದು ಬಂದು ನಮ್ಮ ಮಗಳ ಬಾಗಿಲಿನ ಅಗಲ ಎತ್ತರ ಅಳೆದಿದ್ದಾಳೆ. ಸುವರ್ಣಾಳ ಕೈ ಹಿಡಿದು ತನ್ನ ಶೆಡ್ಡಿಗೆ ಕರೆದೊಯ್ದಿದ್ದಾಳೆ. ಅಲ್ಲಿ ನಾಲ್ಕಾರು ಜನ ಓಣಿಯವರು ಮರದ ಚೌಕಟ್ಟಿಗೆ ಕ್ರಿಸ್‌ಮಸ್ ಗಿಡದ ತಪ್ಪಲು ಕಟ್ಟುತ್ತಿದ್ದರು, ಬೆಳ್ಳಿ ಕಾಗದದ ಹೂವು ಮಾಡುತ್ತಿದ್ದರು. ಬೋದಿಲ್ ತುಟಿಯ ಮೇಲೆ ಬೆರಳಿಟ್ಟಿದ್ದಾಳೆ. ಬಾಗಿಲು ಮಗಳದು, ತಪ್ಪಲು ಹಸಿರು, ಸುದ್ದಿ ಗುಟ್ಟಿನದು. ನಮ್ಮ ಕಡೆಯ ಯಾವ ತಾಯಿಯಾದರೂ ಇನ್ನೇನು ತಿಳಿಯುತ್ತಾಳೆ? ಮಗಳು ತಮಗೆ ಹೇಳದೆ ಮದುವೆಗೆ ತಯಾರಿ ಮಾಡಿದ್ದಾಳೆ ಎಂದು ತಿಳಿದು, ಆ ಗುಟ್ಟನ್ನು ನನಗೂ ಬಿಟ್ಟುಕೊಡದೆ, ಸಂಜೆಯವರೆಗೆ ಕುಳಿತು ತಪ್ಪಲು ಕಟ್ಟಿದ್ದಾಳೆ.

ಹೊರಗೆ ತುತ್ತೂರಿ ಊದಿತು. ಸುವರ್ಣಾ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಓಡಿದಳು. ಓಣಿಯ ಜನ ಆ ಹಸಿರು ಕಮಾನನ್ನು ಹೊತ್ತುಕೊಂಡು ಬರುತ್ತಿದ್ದರು. ನಮ್ಮ ಬಾಗಿಲ ಮುಂದೆ ಬಂದರು. ಹಾದು ಎದುರು ಮನೆಗೆ ಹೋದರು. ಅಲ್ಲಿನ ಬಾಗಿಲಿಗೆ ಕಮಾನು ನಿಲ್ಲಿಸಿ, ನೆತ್ತಿಗೆ ಬೆಳ್ಳಿ ಬಣ್ಣದ ಇಪ್ಪತ್ತೈದು ಎಂಬ ಅಂಕಿ ಸಿಕ್ಕಿಸಿ, ಹಾಡಲು ಶುರು ಮಾಡಿದರು.

ಭಾಗ್ಯಾಳಿಗೆ ಆಗ ಅರ್ಥವಾಯಿತು. "ಅವ್ವಾ, ಅದು ಇಂಗ ಮತ್ತು ಪೌಲ್ ಅವರದು. ಮದಿವಿ ಆಗಿ ಇಪ್ಪತ್ತೈದು ವರ್ಷ ಆತಂದ್ರ ಓಣಿ ಮಂದಿ ಹಿಂಗ ಕಮಾನು ಹಾಕ್ತಾರ. ಅವರಿಗಿ ಗೊತ್ತಾಗಬಾರದು ಅಂತ ನಮ್ಮ ಬಾಗಲಾ ಅಳದಾರ. ಎಲ್ಲಾ ಬಾಗಲಾ ಒಂದೇ ಅಳತಿ."

ಸುವರ್ಣಾ ತಟ್ಟೆ ಹಿಡಿದು ನಿಂತೇ ಇದ್ದಳು. ದೀಪ ಗಾಳಿಗೆ ಹೊಯ್ದಾಡುತ್ತಿತ್ತು. ನನಗೆ ಅವಳ ಮುಖ ನೋಡಲಾಗಲಿಲ್ಲ. ಎಷ್ಟೋ ಕ್ಷಣಗಳಾದ ಮೇಲೆ ಎದುರಿನ ಬಾಗಿಲು ತೆರೆಯಿತು. ಕೆದರಿದ ತಲೆಗೂದಲಿನ ಇಂಗ, ರಾತ್ರಿಯ ಉಡುಪಿನಲ್ಲೇ, ಪಕ್ಕದಲ್ಲಿ ಬರಿಗಾಲಿನ ಪೌಲ್. ಬೋದಿಲ್ ಸುವರ್ಣಾಳ ಕಡೆ ತಿರುಗಿ, ಬಾ ಬಾ, ನೀನೇ ಕಟ್ಟಿದ್ದಲ್ಲವೇ ಎಂದು ಕೈಮಾಡಿದಳು.

ಸುವರ್ಣಾ ರಸ್ತೆ ದಾಟಿದಳು. ಮಗಳಿಗೆಂದು ಹಚ್ಚಿದ ಆರತಿಯನ್ನು ಆ ಇಬ್ಬರಿಗೆ ಬೆಳಗಿದಳು, ಇಂಗಳ ಹಣೆಗೆ ಕುಂಕುಮ ಇಟ್ಟಳು, ಕೆನ್ನೆಗೆ ಅರಿಶಿಣ ಹಚ್ಚಿದಳು. ಮೂವತ್ತು ವರ್ಷ ಹತ್ತಿರ ಬಂತು ನಮ್ಮ ಮದುವೆಯಾಗಿ, ನನ್ನ ಹೆಂಡತಿಯ ಬಗ್ಗೆ ಅಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಅವರ ಮನೆಯಲ್ಲೇ ಎಲ್ಲರಿಗೂ ಬೆಳಗಿನ ತಿಂಡಿ. ಪೌಲ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಇಪ್ಪತ್ತೈದು ಎನ್ನುವುದು ಪೂರ್ತಿ ಸತ್ಯವಲ್ಲ ಎಂದ. ನಡುವೆ ಒಂದು ಚಳಿಗಾಲ ಜಗಳವಾಡಿ ಮನೆ ಬಿಟ್ಟು ಹೋಗಿದ್ದನಂತೆ. ಬೋದಿಲ್ ವಾರವಾರ ಅವನನ್ನು ಊಟಕ್ಕೆ ಕರೆಯುತ್ತಿದ್ದಳಂತೆ. ಬುದ್ಧಿ ಹೇಳುತ್ತಿರಲಿಲ್ಲ, ಕಿಟಕಿಗೆ ಮುಖ ಮಾಡಿ ಕೂರಿಸುತ್ತಿದ್ದಳು ಅಷ್ಟೇ. ಕಿಟಕಿಯಲ್ಲಿ ಕಾಣುವುದು ಅವನದೇ ಮನೆ, ಅವನದೇ ಅಡುಗೆಮನೆಯ ದೀಪ, ಅದರ ಕೆಳಗೆ ಇಂಗ.

"ಕೊನೆಗೆ ಸೂಪು ಅರ್ಧ ಬಿಟ್ಟು ರಸ್ತೆ ದಾಟಿದೆ," ಎಂದ.

"ಆ ಬಟ್ಟಲು ನಾನೇ ತೊಳೆದೆ," ಎಂದಳು ಬೋದಿಲ್. ರಾಸ್ಮುಸ್ ಇದನ್ನು ಇಂಗ್ಲಿಷಿಗೆ, ಭಾಗ್ಯಾ ಕನ್ನಡಕ್ಕೆ ಮಾಡಿ ಹೇಳಿದರು. ಸುವರ್ಣಾ ಬೋದಿಲ್ಲಳನ್ನೇ ನೋಡುತ್ತ ಕುಳಿತಳು.

ನಮ್ಮಲ್ಲಿ ಹಂದರ ಹಾಕುವುದು ಮೊದಲ ದಿನ. ಆ ಇಬ್ಬರೂ ಇನ್ನೂ ಏನೂ ಮಾಡಿರುವುದಿಲ್ಲ, ಕುಂಕುಮ ಹಚ್ಚಿಕೊಂಡು ಕುಳಿತಿರುತ್ತಾರೆ. ಇವರು ಹಾಕುವುದು ಬಾಳಿ ತೋರಿಸಿದ ಮೇಲೆ. ಒಂದು ಓಣಿಗೆ ಓಣಿಯೇ ನಸುಕಿನಲ್ಲಿ ಎದ್ದು, ನೀವಿಬ್ಬರು ಇನ್ನೂ ಜೊತೆಗಿದ್ದೀರಿ ಎಂದು ಹಾಡಿ ಎಬ್ಬಿಸುವ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ನಮ್ಮ ಬಾಗಿಲು

ಮನೆಗೆ ಬಂದು ಸುವರ್ಣಾ ಬಾಸಿಂಗವನ್ನು ತಿರುಗಿ ಸೀರೆಯಲ್ಲಿ ಸುತ್ತತೊಡಗಿದಳು. ಭಾಗ್ಯಾ ಹತ್ತಿರ ಬಂದು ಕುಳಿತಳು. ಕೆನ್ನೆಯ ಅರಿಶಿಣ ತೊಳೆದಿರಲಿಲ್ಲ.

"ಅವ್ವಾ, ಸಿಟ್ಟಾಗಬ್ಯಾಡ. ಸಣ್ಣಾಕಿದ್ದಾಗ ಅಪ್ಪನ ಆಫೀಸಿನ್ಯಾಗ ಕುಂತು ಅಭ್ಯಾಸ ಮಾಡ್ತಿದ್ದೆ. ಅಲ್ಲಿ ಬಂದು ಅಳ್ತಿದ್ದವ್ರೆಲ್ಲಾ ಹಂದರದ ಕೆಳಗೇ ಮದಿವಿ ಆದವ್ರು. ತಾಳಿ ಇತ್ತು, ಬಾಸಿಂಗ ಇತ್ತು, ಊರ ಮಂದಿ ಎಲ್ಲಾ ಉಂಡು ಹೋಗಿದ್ರು. ಯಾವ್ದು ಉಪಯೋಗಕ್ಕ ಬಂತು?"

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿ ವಾಯಿದೆ ತೆಗೆದುಕೊಂಡೆ.

"ಉಂಡು ಹ್ವಾದವ್ರ ಮಾತ ಬಿಡು," ಎಂದಳು ಸುವರ್ಣಾ. "ಹಂದರಾ ಹಾಕಿದ ನಾಕ ಮಂದಿ ಇರ್ತಾರಲ್ಲ, ಅವರ ಮಾತ ಹೇಳಾಕತ್ತೇನಿ. ನಾಳಿ ಅಂವ ಮಾರಿ ತಿರುವಿದ, ಇಲ್ಲಾ ನೀನೇ ತಿರುವಿದಿ. ನಾವು ಆಳಂದದಾಗ. ನಿನ್ನ ಕೈ ಹಿಡದು ಕುಂದ್ರೋರು ಯಾರ ಅದಾರ ಇಲ್ಲಿ? ಅವನ ಕಿವಿ ಹಿಂಡೋರು ಯಾರ ಅದಾರ? ನನಗ ಅದೊಂದೇ ಫಿಕರ್ ನೋಡು. ಮಂದಿ ಏನಂತಾರ ಅನ್ನೋದು ನಾ ಯಾವಾಗೋ ಬಿಟ್ಟೀನಿ."

ಭಾಗ್ಯಾ ಅವ್ವನ ಕೈ ತೆಗೆದುಕೊಂಡು ಆ ತರಚು ಗಾಯಗಳನ್ನು ನೋಡಿದಳು. ಆಮೇಲೆ ಅವಳೂ ರಾಸ್ಮುಸನೂ ಸೈಕಲ್ ಹತ್ತಿ ಕೆಲಸಕ್ಕೆ ಹೋದರು.

ಅವರು ತಿರುವು ದಾಟಿದ್ದೇ ತಡ, ಸುವರ್ಣಾ ನನ್ನನ್ನು ಎಬ್ಬಿಸಿಕೊಂಡು ಬೋದಿಲ್ಲಳ ಶೆಡ್ಡಿಗೆ ಹೋದಳು. "ಉಳದಿದ್ದ ತಪ್ಪಲಾ ಕೇಳ್ರಿ."

ಕೇಳಿದೆ. ಯಾರಿಗೆ ಎಂದಳು ಬೋದಿಲ್.

"ಆಕಿ ಬಾಗಲಾ ಅಳದಳಲ್ಲ, ಆ ಮನಿಗಿ ಅಂತ ಹೇಳ್ರಿ."

ಬೋದಿಲ್ ನಮ್ಮ ಮಗಳ ಬಾಗಿಲಿನ ಕಡೆ ನೋಡಿದಳು. ಮದುವೆಯಾಗಿಲ್ಲ, ವರ್ಷ ತುಂಬಿಲ್ಲ, ಇಂಥದ್ದಕ್ಕೆ ಕಮಾನು ಹಾಕುವ ರೂಢಿ ಇಲ್ಲ ಎಂದಳು. ಎನ್ನುತ್ತಲೇ ಒಳಗೆ ಹೋಗಿ ಹಗ್ಗ ತಂದಳು.

ಇಬ್ಬರೂ ಸೇರಿ ಕಟ್ಟಿದರು. ಇಂಗ ಬಂದಳು, ಪೌಲ್ ಏಣಿ ಹಿಡಿದ. ಕಮಾನು ಎದುರಿನದರಷ್ಟು ದೊಡ್ಡದಾಗಲಿಲ್ಲ, ಒಂದು ಕಡೆ ಸ್ವಲ್ಪ ಬೋಳಾಗಿಯೂ ಇತ್ತು. ಆಮೇಲೆ ಸುವರ್ಣಾ ಬೋದಿಲ್ಲಳನ್ನು ಬಾಗಿಲಲ್ಲಿ ನಿಲ್ಲಿಸಿ, ಎರಡೂ ಕೈಗಳನ್ನು ಚೌಕಟ್ಟಿಗೆ ಅಡ್ಡ ಹಾಕಿಸಿದಳು.

"ನಾದಿನಿ ನಿಂದ್ರಬೇಕು ಇಲ್ಲಿ. ಆ ಹುಡುಗನಿಗಿ ಅಕ್ಕತಂಗೇರಿಲ್ಲ. ಈಕಿನೇ ಅವನ ಅಕ್ಕ ಅಂತ ತಿಳಿಸಿ ಹೇಳ್ರಿ."

ಹೇಳಿದೆ. ಬೋದಿಲ್ ಬಹಳ ಗಂಭೀರವಾಗಿ, ನನಗೆ ತಮ್ಮ ಇರಲಿಲ್ಲ, ಆಗಬಹುದು ಎಂದಳು.

ಸಂಜೆ ಸಣ್ಣ ಮಳೆ. ಭಾಗ್ಯಾ ಮತ್ತು ರಾಸ್ಮುಸ್ ನೆನೆದು ತೊಪ್ಪೆಯಾಗಿ ಬಂದರು. ಸೈಕಲ್ ನಿಲ್ಲಿಸಿ ನೋಡಿದರೆ ಬಾಗಿಲಿಗೆ ಹಸಿರು, ಹಸಿರಿನ ಕೆಳಗೆ ಕೈ ಚಾಚಿದ ಬೋದಿಲ್, ಸುತ್ತ ಓಣಿಯ ಜನ.

"ಏನಿದು ಅವ್ವಾ?"

"ಹೆಸರು ಹೇಳಿ ಒಳಗ ಬಾ."

"ಅವ್ವಾ... ಹೆಸರು ದಿನಾ ಹೇಳ್ತೇನಲ್ಲ?"

"ದಿನಾ ಕರೀತಿ. ಹೇಳಿಲ್ಲ." ಸುವರ್ಣಾ ನನ್ನ ಪಕ್ಕಕ್ಕೆ ಬಂದು ನಿಂತಳು. "ತಾಳಿ ಬ್ಯಾಡ, ಬಾಸಿಂಗ ಬ್ಯಾಡ, ಭಟ್ಟರು ಬ್ಯಾಡ. ಈ ನಾಕ ಮಂದಿ ಕೇಳೋ ಹಂಗ ಹೇಳು. ಬ್ಯಾಡಂದ್ರ ಬೋದಿಲ್ ಬಾಯಿ ಕೈ ತಗೀತಾಳ, ಒಳಗ ಹೋಗು. ನಾ ಮತ್ತ ಮಾತಾಡಂಗಿಲ್ಲ."

ಭಾಗ್ಯಾ ಮಳೆಯಲ್ಲಿ ನಿಂತಳು. ರಾಸ್ಮುಸ್ ಏನೂ ಕೇಳದೆ ಅವಳ ಪಕ್ಕದಲ್ಲಿ ನಿಂತ. ಕೋರ್ಟಿನಲ್ಲಿ ಎಷ್ಟೋ ತೀರ್ಪುಗಳಿಗೆ ಕಾದವನು ನಾನು, ಆದರೆ ಯಾವುದಕ್ಕೂ ಹಾಗೆ ಕಾದದ್ದಿಲ್ಲ. ಇಲ್ಲ ಎಂದಿದ್ದರೂ ನನ್ನ ಮಗಳೇ, ಆದರೆ ಸುವರ್ಣಾ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ಭಾಗ್ಯಾ ಮೊದಲ ಸಾಲು ಬಹಳ ಮೆಲ್ಲಗೆ ಹೇಳಿದಳು. ಎರಡನೆಯದಕ್ಕೆ ತಡವರಿಸಿದಳು. ಮೂರನೆಯದಕ್ಕೆ ದನಿ ಎತ್ತಿದಳು.

"ಆಳಂದದ ಹೊಲದಾಗ ತೊಗರಿ ಹೂವು ಹಳದಿ,
ಇಲ್ಲಿ ಮಳಿಯಾಗ ನೆನದೇನಿ ಹಾದಿಗೆ ಹಾದಿ,
ಅವ್ವ ಕಟ್ಯಾಳ ಹಂದರಾ, ಬೋದಿಲ್ ತಡದಾಳ ಬಾಗಲಾ,
ರಾಸ್ಮುಸನ ಹೆಸರು ಹೇಳೇನಿ, ಬಿಡ್ರಿ ಒಳಗ, ಹೊಟ್ಟಿ ಹಸದದ ಭಾಳಾ."

ರಾಸ್ಮುಸನಿಗೆ ತಿಳಿದದ್ದು ತನ್ನ ಹೆಸರೊಂದೇ. ಅದನ್ನು ಅವಳು ಹೇಳಿದ ರೀತಿಗೆ ಅವನ ಕಿವಿ ಕೆಂಪಾದವು. ಅವನೂ ತನ್ನ ಭಾಷೆಯಲ್ಲಿ ನಾಲ್ಕು ಮಾತು ಹೇಳಿದ, ಅದರೊಳಗೆ ಭಾಗ್ಯಾ ಎಂಬುದು ಎರಡು ಸಲ ಬಂತು. ಅರ್ಥವೇನೆಂದು ಮಗಳು ನಮಗೆ ಹೇಳಲಿಲ್ಲ. ಇಂಗ ಮಾತ್ರ ಮೂಗು ಒರೆಸಿಕೊಂಡಳು. ಬೋದಿಲ್ ಕೈ ಇಳಿಸಿದಳು.

ಹೊರಡುವ ದಿನ ಸುವರ್ಣಾ ಬೋದಿಲ್ಲಳ ಮನೆಗೆ ಹೋಗಿ ಅವಳ ಉಡಿ ತುಂಬಿದಳು. ಏಪ್ರನ್ನಿನ ಮಡಿಲಿಗೆ ಅಕ್ಕಿ, ಒಣ ಕೊಬ್ಬರಿ, ಒಂದು ಕುಬಸದ ಖಣ ಹಾಕಿ, "ನನ್ನ ಮಗಳನ್ನ ನಿನ್ನ ಉಡ್ಯಾಗ ಹಾಕೇನವ್ವಾ" ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಬೋದಿಲ್ ಮಡಿಲು ಹಿಡಿದುಕೊಂಡೇ ತನ್ನ ಊಟದ ಮೇಜಿನ ಕಡೆ ತಿರುಗಿದಳು.

"ಚಿಂತೆ ಮಾಡಬೇಡ ಎಂದು ಹೇಳಿ," ಎಂದಳು. "ಅವರು ಜಗಳವಾಡಿದರೆ ಯಾವ ಕುರ್ಚಿಯಲ್ಲಿ ಕೂರಿಸಬೇಕೆಂದು ನನಗೆ ಗೊತ್ತಿದೆ."

ಕಿಣ್ಣಿ ಸುಲ್ತಾನ

ಬಾಸಿಂಗ ಅಲ್ಲೇ ಉಳಿಯಿತು, ಮಗಳ ಕಪಾಟಿನಲ್ಲಿ, ಬಟಾಣಿ ಬೀಜದ ಬಾಟಲಿಗಳ ಪಕ್ಕ. ಬೇಕಾದಾಗ ಕಟ್ಟಿಕೊಳ್ಳಲಿ, ಬೇಡವಾದರೆ ಚಂದ ಕಾಣುತ್ತದೆ ಎಂದಳು ಸುವರ್ಣಾ.

ಊರಿಗೆ ಬಂದು ಅಕ್ಕನನ್ನು ಕಾಣದೆ ಇರುವಂತಿರಲಿಲ್ಲ. ಕಿಣ್ಣಿ ಸುಲ್ತಾನಕ್ಕೆ ಹೋದಾಗ ನೀಲಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಕಡಲೆ ಹಸನ ಮಾಡುತ್ತಿದ್ದಳು. ನೀರು ಕೊಡುವ ಮೊದಲೇ ಕೇಳಿದಳು: "ಮದಿವಿ ಆತೇನು?"

ನಾನು ಗಂಟಲು ಸರಿಪಡಿಸಿಕೊಂಡೆ. ಕಾನೂನಿನ ಪ್ರಕಾರ ಏನಾಯಿತು, ಏನಾಗಲಿಲ್ಲ ಎಂದು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದಾಗ ಸುವರ್ಣಾ ಮುಂದೆ ಬಂದಳು.

"ಹಂದರದ ಕೆಳಗ ಹೆಸರು ಹೇಳಿ ಒಳಗ ಹ್ವಾದಳ್ರಿ ಅಕ್ಕಾರ."

ನೀಲಮ್ಮನ ಕೈ ಮೊರದೊಳಗೇ ನಿಂತಿತು. ಕಡಲೆಯನ್ನೂ ನೋಡಿದಳು, ಸುವರ್ಣಾಳನ್ನೂ ನೋಡಿದಳು. ಅಕ್ಕನ ಬಾಯಿಂದ ಬರುವ ಮಾತಿಗೆ ನಾನು ತಲೆ ಬಗ್ಗಿಸಿ ಕಾದೆ.

"ಬಾಗಲಾ ಯಾರ ತಡದಿದ್ರು?"

"ನಾದಿನಿ."

"ಒಡಪು ಯಾವ್ದು ಹೇಳಿದಳು?"

ಸುವರ್ಣಾ ನಾಲ್ಕು ಸಾಲನ್ನೂ ಹೇಳಿದಳು. ನೀಲಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಕಡಲೆಯನ್ನು ಒಮ್ಮೆ ಜೋರಾಗಿ ಕೇರಿದಳು.

"ಕಡೀ ಸಾಲು ಉದ್ದ ಆತು. ಹೊಟ್ಟಿ ಹಸದದ ಅಂತ ಒಡಪಿನ್ಯಾಗ ಯಾರ ಹೇಳ್ತಾರ ಬೇ? ಅಳ್ಯಾನ ಕರ್ಕೊಂಡು ಬರಾಕ ಹೇಳು ಆಕಿಗಿ. ನಾ ಚಲೋದೊಂದು ಕಲಸ್ತೇನಿ."